ದಫ್ತರಖಾನೆ ತಾನೇ ತಂಪಾದ ಬೇಸಿಗೆ

ಹುನಗುಂದದ ದಫ್ತರಖಾನೆಯಲ್ಲಿ ಬೆಂಕಿ ಹತ್ತಿದ ಮಧ್ಯಾಹ್ನ ನಾನು ಉತ್ತರದ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಹಳೆಯ ಮಳೆಯ ದಾಖಲೆ ಓದುತ್ತಿದ್ದೆ. ಇಳಕಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ವಾರಕ್ಕೊಂದೆರಡು ಸಲ ಬಸ್ಸು ಹತ್ತಿ ಅಲ್ಲಿಗೆ ಹೋಗುವುದು ರೂಢಿಯಾಗಿತ್ತು. ಯಾವ ತಿಂಗಳು ಎಷ್ಟು ಮಳೆ ಬಿತ್ತು, ಯಾವ ನಕ್ಷತ್ರ ಹುಸಿ ಹೋಯಿತು ಎಂದು ಯಾವ ಕಾಲದ್ದೋ ಒಬ್ಬ ಗುಮಾಸ್ತ ದುಂಡಗೆ ಬರೆದಿಟ್ಟ ಹಾಳೆಗಳು. ಅದನ್ನು ಓದಿ ಏನು ಮಾಡುತ್ತೀರಿ ಎಂದು ಮನೆಯಲ್ಲಿ ಕೇಳುತ್ತಿದ್ದರು. ಓದುವುದು ಹಿತವಾಗಿತ್ತು, ಅಷ್ಟೇ.

ದಫ್ತರಖಾನೆ ಅಂದರೆ ತಾಲೂಕಿನ ಹಳೆಯ ಕಾಗದಗಳ ಮನೆ. ಜಮೀನಿನ ನಕಾಶೆ, ಕಂದಾಯದ ಕಾಗದ, ಕೋರ್ಟಿನ ತೀರ್ಪು, ಎಲ್ಲವನ್ನೂ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಕಪಾಟುಗಳಲ್ಲಿ ಇಟ್ಟಿರುತ್ತಾರೆ. ಆ ಗಂಟಿಗೆ ರುಮಾಲು ಅನ್ನುತ್ತಾರೆ. ಕಟ್ಟಡ ಕಲ್ಲಿನದು. ಕಿಟಕಿಯ ಕಟ್ಟೆಯ ಮೇಲೆ ಒಬ್ಬರು ಕಾಲು ಮಡಚಿ ಆರಾಮವಾಗಿ ಕೂರಬಹುದು, ಗೋಡೆ ಅಷ್ಟು ದಪ್ಪ. ಆದರೆ ನಾನು ಹೋಗುತ್ತಿದ್ದ ದಿನಗಳಲ್ಲಿ ಆ ಕಟ್ಟೆ ಕಾಣುತ್ತಿರಲಿಲ್ಲ. ಕಿಟಕಿಗಳಿಗೆ ಪ್ಲೈವುಡ್ ಹೊಡೆದಿದ್ದರು. ಹಗಲಿನಲ್ಲೂ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಗೋಡೆಯುದ್ದಕ್ಕೂ ಎ.ಸಿ. ಯಂತ್ರಗಳು ಗುಂಯ್‌ಗುಡುತ್ತಿದ್ದವು.

ಆ ಮಧ್ಯಾಹ್ನ ಮೊದಲು ಸುಟ್ಟ ರಬ್ಬರಿನ ವಾಸನೆ ಬಂತು. ರಸ್ತೆಯಲ್ಲಿ ಯಾರೋ ಟೈರು ಸುಡುತ್ತಿರಬೇಕು ಅಂದುಕೊಂಡೆ. ಆಮೇಲೆ ಸಣ್ಣ ಸಪ್ಪಳ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ತಲೆ ಎತ್ತಿದೆ. ಎದುರು ಗೋಡೆಯ ಮೇಲೆ, ಯಂತ್ರಕ್ಕೆ ಹೋಗುವ ವೈರನ್ನು ಮುಚ್ಚಿದ ಕಟ್ಟಿಗೆಯ ಪಟ್ಟಿಯ ಉದ್ದಕ್ಕೂ ನೀಲಿ ಗೆರೆಯೊಂದು ಓಡುತ್ತಿತ್ತು. ಅದು ಬೆಂಕಿ ಎಂದು ಹೊಳೆದು ನಾನು ಏಳುವಷ್ಟರಲ್ಲಿ ಪಟ್ಟಿ ಕಳಚಿ ಕೆಳಗಿನ ಕಪಾಟಿನ ಮೇಲೆ ಬಿತ್ತು. ಮೇಲಿನ ರುಮಾಲಿನ ಬಟ್ಟೆ ಹೊತ್ತಿಕೊಂಡಿತು.

"ಮೇನ್ ತಗೀರಿ ಕಾಕಾ! ಮೊದಲ ಮೇನ್!" ಎಂದು ಕೂಗುತ್ತ ದಫ್ತರಖಾನೆಯ ಮುಖ್ಯಸ್ಥೆ ತಮ್ಮ ಕೋಣೆಯಿಂದ ಓಡಿ ಬಂದರು. ಬಾಗಿಲು ಕಾಯುವ ಕಾಕಾ ಕುಂಟುತ್ತಲೇ ಹೋಗಿ ಸ್ವಿಚ್ಚು ಎಳೆದರು. ಆಕೆ ಉರಿಯುವ ರುಮಾಲನ್ನು ಬರಿಗೈಯಲ್ಲಿ ಎಳೆದು ನೆಲಕ್ಕೆ ಕೆಡವಿ, ಮೂಲೆಯಲ್ಲಿದ್ದ ಉಸುಕಿನ ಬಕೆಟ್ಟನ್ನು ಅದರ ಮೇಲೆ ಬೋರಲು ಹಾಕಿದರು. ಅಷ್ಟರಲ್ಲಿ ಯಂತ್ರಗಳೆಲ್ಲ ನಿಂತಿದ್ದವು. ಇಷ್ಟು ವರ್ಷ ಆ ಮನೆಯ ಸದ್ದೆಂದು ನಾನು ಅಂದುಕೊಂಡಿದ್ದು ಯಂತ್ರಗಳ ಸದ್ದಾಗಿತ್ತು. ಅದು ನಿಂತಾಗ ಆಕೆ ಏದುಸಿರು ಬಿಡುವುದು ಕೇಳಿಸಿತು. ಅಂಗೈ ಬೊಬ್ಬೆ ಎದ್ದಿತ್ತು. ಆಕೆ ಅದನ್ನು ನೋಡಿಕೊಳ್ಳದೆ ಸುಟ್ಟ ರುಮಾಲು ಬಿಚ್ಚಿ, ಒಳಗಿನ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದರು. ಅಂಚು ಕಪ್ಪಾಗಿತ್ತು, ಅಕ್ಷರ ಉಳಿದಿತ್ತು. ಸಂಜೆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡುವುದೂ ನೆನಪಾಗಲಿಲ್ಲ, ಪಕ್ಕದಲ್ಲಿ ಕೂತಿದ್ದ ಕಾಕಾನೇ ಕೊಟ್ಟರು. ಈಗಲೂ ಯಾವುದೇ ಬ್ಯಾಂಕಿಗೆ ಹೋದರೆ ನಾನು ಮೊದಲು ನೋಡುವುದು ಎ.ಸಿ.ಗೆ ಹೋದ ವೈರನ್ನು.

ಆ ಮುಖ್ಯಸ್ಥೆಯನ್ನು ಊರವರೆಲ್ಲ ಅಕ್ಕಾರು ಅನ್ನುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಹಾಗೆ ಅನ್ನುವುದು. ಅವರು ಶಾಲೆಯಲ್ಲಿ ಕಲಿಸಿದವರಲ್ಲ. ಆದರೆ ನಕಾಶೆ ಕೇಳಿಕೊಂಡು ಬಂದವರಿಗೆ ಅದನ್ನು ಓದುವುದನ್ನೂ ಕಲಿಸಿಯೇ ಕಳಿಸುತ್ತಿದ್ದರು, ಅದಕ್ಕೇ ಆ ಹೆಸರು. ಇಳಕಲ್ಲಿನ ಹಳೆಯ ಮುಸ್ಲಿಂ ಮನೆತನದವರು, ಮದುವೆಯಾಗಿ ಹುನಗುಂದಕ್ಕೆ ಬಂದು ದಫ್ತರಖಾನೆಯ ಹಿಂದಿನ ಓಣಿಯಲ್ಲೇ ಇದ್ದರು. ಕಾಕಾ ಕೂಡ ಇಳಕಲ್ಲಿನವರೇ. ಆಯುಷ್ಯದ ಮುಕ್ಕಾಲು ಪಾಲು ನೆಲದ ಗುಂಡಿಯ ಮೇಲೆ ಹೂಡಿದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದು, ಮೊಣಕಾಲು ಸೋತ ಮೇಲೆ ಈ ಬಾಗಿಲಿಗೆ ಬಂದು ಕೂತವರು.

ಬೆಂಕಿಯ ಸುದ್ದಿ ಮೇಲಿನವರೆಗೆ ಹೋಯಿತು. ಹಳೆಯ ವೈರಿಂಗು ಇಷ್ಟು ಯಂತ್ರ ತಡೆಯುವುದಿಲ್ಲ ಎಂದು ನೋಡಲು ಬಂದವರೆಲ್ಲ ಹೇಳಿದರು. ಹಾಗಾದರೆ ದೊಡ್ಡ ಲೈನು ಎಳೆದು ಇನ್ನೂ ದೊಡ್ಡ ಯಂತ್ರ ಇಡಬೇಕು, ಇಲ್ಲವೇ ಕಾಗದಗಳನ್ನು ಲಾರಿಯಲ್ಲಿ ಹೇರಿ ದೂರದ ನಗರದ ಹೊಸ ಗೋದಾಮಿಗೆ ಸಾಗಿಸಬೇಕು. ಎರಡನೆಯದೇ ಸುಲಭ ಎಂದು ಎಲ್ಲರಿಗೂ ಅನ್ನಿಸಿತ್ತು. ಅಕ್ಕಾರಿಗೆ ಹಾಗೆ ಅನ್ನಿಸಲಿಲ್ಲ. ಬಾಗಲಕೋಟೆಯಲ್ಲಿ ಸಭೆ ಮುಗಿಸಿ ಬಂದವರು ನನ್ನ ಮೇಜಿನ ಎದುರು ಕೂತು ಹೇಳಿದರು:

"ಸರ, ಇವತ್ತ ಒಬ್ಬಾಂವ ಮುಂಜಾನಿ ಎತ್ತಿಗೆ ಮೇವ ಹಾಕಿ ಬಸ್ ಹತ್ತಿ ಬರ್ತಾನ, ನಕಾಶಿ ನೋಡ್ತಾನ, ಸಂಜಿಗೆ ಹಾಲ ಹಿಂಡಾಕ ಮನಿಗೆ ಮುಟ್ತಾನ. ಅಲ್ಲಿಗೆ ಒಯ್ದ್ರ ಅಂವ ಹೋಗ್ತಾನೇನ್ರಿ? ಹೋಗೂದಿಲ್ಲ. ಹೊಲದ ಗಡಿ ಬಾಂದು ಯಾರು ಜೋರು ಮಾಡ್ತಾರೋ ಅವರದ ಆಗ್ತೈತಿ."

"ಅವರು ಏನಂದ್ರು?"

"ಒಂದು ಬ್ಯಾಸಗಿ ಕೊಡ್ರಿ ಅಂದೆ. ಮಷೀನ್ ಇಲ್ಲದ ಈ ಮನಿ ಕಾಗದ ಕಾಯ್ತೈತಿ, ತೋರಸ್ತೇನಿ ಅಂದೆ. ನಕ್ರು. ಆಮ್ಯಾಲ ಹೂಂ ಅಂದ್ರು. ಕೆಡಲಿ, ಲಾರಿ ಕಳಿಸಾಕ ಒಂದು ನೆಪ ಸಿಗ್ತೈತಿ ಅಂತಿರಬೇಕು."

ಷರತ್ತು ಇಷ್ಟು. ಕೋಣೆಯ ಶಾಖ ಮತ್ತು ತೇವವನ್ನು ತಾವೇ ಬರೆದುಕೊಳ್ಳುವ ಸಣ್ಣ ಬಿಳಿ ಡಬ್ಬಿಗಳನ್ನು ಕಪಾಟುಗಳ ನಡುವೆ ಇಡಬೇಕು. ಬೇಸಿಗೆಯ ಕೊನೆಗೆ ಸಮಿತಿಯೊಂದು ಬಂದು ಅವುಗಳ ಗೆರೆ ನೋಡುತ್ತದೆ. ಗೆರೆ ಮಿತಿ ಮೀರಿದರೆ ಲಾರಿ ಬರುತ್ತದೆ. ಡಬ್ಬಿಗಳನ್ನು ಯಾರೂ ಮುಟ್ಟಿಲ್ಲ, ತಿದ್ದಿಲ್ಲ ಎಂದು ಹೊರಗಿನವರೊಬ್ಬರು ವಾರ ವಾರ ನೋಡಿ ರುಜು ಹಾಕಬೇಕು. ಅಕ್ಕಾರು ನನ್ನ ಕಡೆ ನೋಡಿದರು. ಹಾಗೆ ನಾನು ಸಾಕ್ಷಿಯಾದೆ.

ಚಳಿಗಾಲವೆಲ್ಲ ಕೆಲಸ ನಡೆಯಿತು. ಬಾಗಲಕೋಟೆಯಿಂದ ಒಬ್ಬ ಎಂಜಿನಿಯರ್ ಬರುತ್ತಿದ್ದರು. ಬಾದಾಮಿಯ ಕಡೆ ಹಳೆಯ ಕಲ್ಲಿನ ಮನೆಗಳನ್ನು ದುರಸ್ತಿ ಮಾಡಿದ ಅನುಭವವಿತ್ತು, ಮಾತು ಕಡಿಮೆ. ಮೊದಲ ದಿನವೇ ಅವರು ಪ್ಲಾಸ್ಟಿಕ್ಕಿನ ಫಾಲ್ಸ್ ಸೀಲಿಂಗು ಬಿಚ್ಚಿಸಿದರು. ಅದರ ಮೇಲೆ ಸಾಗವಾನಿಯ ತೊಲೆಗಳು, ತೊಲೆಗಳ ಮೇಲೆ ಜಂತಿ, ಅದರ ಮೇಲೆ ಮಣ್ಣು ಹಾಸಿದ ಛಾವಣಿ, ನಮ್ಮ ಕಡೆಯ ಮಾಳಿಗೆ. ನಡುನಡುವೆ ದುಂಡನೆಯ ಬೆಳಕಿಂಡಿಗಳು, ಸಿಮೆಂಟು ಮೆತ್ತಿ ಮುಚ್ಚಿದ್ದವು. ಗೋಡೆಗೆ ಹಚ್ಚಿದ ಎಣ್ಣೆಬಣ್ಣ ಕೆರೆದರೆ ಕೆಳಗೆ ಸುಣ್ಣದ ಗಾರೆ ಸಿಕ್ಕಿತು. ಕಪಾಟುಗಳನ್ನು ಗೋಡೆಯಿಂದ ಸರಿಸಿದಾಗ ಹಿಂದೆ ಕಪ್ಪು ಕಲೆಗಳು, ಬೂಸಲು.

"ಕಾಗದಕ್ಕ ಥಂಡಿ ಬೇಕಾಗಿಲ್ರಿ ಸರ," ಎಂದು ಎಂಜಿನಿಯರ್ ನನಗೆ ಹೇಳಿದರು. "ಒಂದ ನಮೂನಿ ಇರೂದು ಬೇಕು. ಹಗಲಿ ಥಂಡಿ ಹೊಡದ್ರು, ಸಂಜೀಗೆ ಆಫೀಸ್ ಬಂದ್ ಮಾಡಿ ಹೋದ್ರು. ಗೋಡಿ ತಣ್ಣಗಿರ್ತೈತಿ, ಹೊರಗಿನ ಗಾಳಿ ಒಳಗ ಬಂದು ಅದರ ಮ್ಯಾಲ ನೀರಾಗ್ತೈತಿ. ದಿನಾ ಹಿಂಗ."

ತಣ್ಣೀರಿನ ತಂಬಿಗೆಯ ಹೊರಮೈ ಯಾಕೆ ಬೆವರುತ್ತದೆ ಎಂದು ನಾನು ವರ್ಷಗಟ್ಟಲೆ ಹುಡುಗರಿಗೆ ಹೇಳಿದ್ದೇನೆ. ಆ ತಂಬಿಗೆಯೊಳಗೇ ಕೂತು ಮಳೆಯ ದಾಖಲೆ ಓದುತ್ತಿದ್ದೆ ಎಂಬುದು ಆಗ ತಿಳಿಯಿತು.

ಮಾಳಿಗೆಗೆ ಹೊಸ ಮಣ್ಣು ಹಾಕಲು ಗುಡೂರಿನಿಂದ ಗಾರೆ ಕೆಲಸದ ಗೌಂಡಿಯೊಬ್ಬ ಬಂದ. ಹಣೆಗೆ ವಿಭೂತಿ, ಬಾಯಿಗೆ ಬಿಡುವಿಲ್ಲ. ಏಣಿ ಹತ್ತುವ ಮೊದಲೇ ಅಕ್ಕಾರಿಗೆ ಬುದ್ಧಿ ಹೇಳತೊಡಗಿದ.

"ಅಕ್ಕಾರ, ಮಣ್ಣಿನ ಮಾಳಿಗಿ ಕಾಲ ಹೋತ್ರಿ. ಸ್ಲ್ಯಾಬ್ ಹಾಕ್ರಿ, ಚಿಂತಿ ಬಿಡ್ರಿ. ನಮ್ಮ ಮನೀದು ಮಾಳಿಗಿ ಕೆಡವಿ ನಾ ಸ್ಲ್ಯಾಬ್ ಹಾಕಿಸೇನಿ."

"ಭಾಳ ಚಲೋ. ಬ್ಯಾಸಗ್ಯಾಗ ಎಲ್ಲಿ ಮಲಗ್ತೀರಿ?"

ಗೌಂಡಿ ಏಣಿಯ ಕಡೆ ತಿರುಗಿದ. "ಹೊರಗ್ರಿ. ಬೇವಿನ ಗಿಡದ ಬುಡಕ."

ಬಾಗಿಲಲ್ಲಿ ಕೂತಿದ್ದ ಕಾಕಾ ಜೋರಾಗಿ ನಕ್ಕರು. "ಸ್ಲ್ಯಾಬ್ ಹಾಕಿಸಿ ಗಿಡದ ಬುಡಕ ಮಲಗೂದು! ಶಾಣ್ಯಾ ಇದ್ದಿ ಬಿಡಲೇ."

"ನೀ ಸುಮ್ನ ಕೂಡೋ ಮುದುಕಾ. ಕುಣ್ಯಾಗ ಕಾಲ ಇಳಿಬಿಟ್ಟು ಕುಂತಾವಗ ಮಾಳಿಗಿ ಸುದ್ದಿ ಏನ ಗೊತ್ತು?"

ಬೈದುಕೊಳ್ಳುತ್ತಲೇ ಗೌಂಡಿ ಮೇಲೆ ಹತ್ತಿದ. ಡಾಂಬರಿನ ಹಾಳೆ ಕಿತ್ತು, ಸವಳು ಮಣ್ಣು ತರಿಸಿ ಹದ ಮಾಡಿ ಹರವಿದ. ಎರೆಮಣ್ಣಿನ ಹಾಗೆ ಅದು ಬಿಸಿಲಿಗೆ ಬಿರಿಯುವುದಿಲ್ಲ. ಮೇಲೆ ಸುಣ್ಣದ ಗಾರೆ ಎಳೆದು ಬಿಳಿ ಮಾಡಿದ. ಕೆಲಸ ಮುಗಿದಾಗ ತಾನೇ ಬೆರಗಾಗಿ ಅದರ ಮೇಲೆ ಬರಿಗಾಲಲ್ಲಿ ಓಡಾಡಿದ. ಕೆಳಗೆ ಬೆಳಕಿಂಡಿಗಳಿಗೆ ಎರಡು ಪದರು ಗಾಜು ಕೂತವು. ಟ್ಯೂಬ್‌ಲೈಟು ಹೋಗಿ, ಮನುಷ್ಯ ಕಪಾಟಿನ ಹತ್ತಿರ ಬಂದಾಗಷ್ಟೇ ಹೊತ್ತುವ ಸಣ್ಣ ದೀಪಗಳು ಬಂದವು. ಕಿಟಕಿಗಳ ಕಟ್ಟಿಗೆಯ ಕದಗಳನ್ನು ಸಂದಿಲ್ಲದ ಹಾಗೆ ಕೂಡಿಸಿದರು. ಎ.ಸಿ.ಗಳನ್ನು ಇಳಿಸಿ ಹಿತ್ತಲಿನಲ್ಲಿಟ್ಟರು. ಮುಂದಿನ ತಿಂಗಳು ಮೀಟರು ನೋಡಲು ಬಂದವನು ಎರಡೆರಡು ಸಲ ಕಣ್ಣು ಕಿರಿದು ಮಾಡಿ ನೋಡಿ, ಅಕ್ಕಾರನ್ನು ಹೊರಗೆ ಕರೆದು ದನಿ ತಗ್ಗಿಸಿ ಕೇಳಿದ, "ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಮೀಟರಿಗೆ ಏನರ ಮಾಡೀರೇನು?"

ಆಮೇಲೆ ಬೇಸಿಗೆ ಬಂತು. ಆ ವರ್ಷ ರಂಜಾನ್ ತಿಂಗಳು ಬಿಸಿಲಿನ ಜೊತೆಗೇ ಬಂದಿತ್ತು. ಅಕ್ಕಾರು ನಸುಕಿನ ಊಟ, ನಮಾಜು ಮುಗಿಸಿ ಬೀಗದ ಗೊಂಚಲು ಹಿಡಿದು ದಫ್ತರಖಾನೆಗೆ ಬಂದುಬಿಡುತ್ತಿದ್ದರು. ಆ ಹೊತ್ತಿನ ಗಾಳಿ ತಂಪು, ಒಣ. ಕಿಟಕಿಗಳನ್ನು ಒಂದರ ಎದುರು ಒಂದು ತೆರೆದು ಆ ಗಾಳಿಯನ್ನು ಒಳಗೆ ಓಡಾಡಿಸುತ್ತಿದ್ದರು. ಬಿಸಿಲು ಎದುರಿನ ಬೇಕರಿಯ ಮೆಟ್ಟಿಲು ಹತ್ತುವುದರೊಳಗೆ ಎಲ್ಲ ಕದಗಳನ್ನೂ ಮುಚ್ಚುತ್ತಿದ್ದರು. ಇಷ್ಟೇ ಕೆಲಸ. ಆದರೆ ದಿನಾ ಮಾಡಬೇಕು, ರಜೆಯ ದಿನವೂ ಮಾಡಬೇಕು, ಉಪವಾಸವಿದ್ದರೂ ಮಾಡಬೇಕು. ಒಂದು ಮುಂಜಾನೆ ನಾನು ಮೊದಲ ಬಸ್ಸಿಗೇ ಹೋದೆ. ಅವರು ಕಿಟಕಿಯಿಂದ ಕಿಟಕಿಗೆ ನಡೆಯುವುದನ್ನು ನೋಡುತ್ತ ನಿಂತೆ. ಪ್ರತಿ ಕದ ತೆರೆದ ಮೇಲೆ ಅಂಗೈಯನ್ನು ಗಾಳಿಗೆ ಹಿಡಿದು ಒಂದು ಕ್ಷಣ ನಿಲ್ಲುತ್ತಿದ್ದರು. ಬೆಂಕಿಯ ಗಾಯ ಮಾದು ಹೊಳೆಯುವ ತೆಳು ತೊಗಲು ಬಂದಿತ್ತು. ಆ ಕೈಗೇ ಗಾಳಿ ಚೆನ್ನಾಗಿ ತಿಳಿಯುತ್ತದೆ ಅಂದರು.

ಮಧ್ಯಾಹ್ನ ಹೊರಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಒಳಗೆ ಬಂದವರು ಬಾಗಿಲಲ್ಲೇ ನಿಂತು "ಎ.ಸಿ. ಮತ್ತ ಹಾಕೀರೇನು?" ಅನ್ನುತ್ತಿದ್ದರು. ಡಬ್ಬಿಯ ಗೆರೆಗಳು ನೇಗಿಲ ಸಾಲಿನ ಹಾಗೆ ಮಟ್ಟಸವಾಗಿ ಹೋಗುತ್ತಿದ್ದವು. ನಾನು ನೋಡಿ ರುಜು ಹಾಕುತ್ತಿದ್ದೆ. ಆ ಸಹಿ ಹಾಕುವಾಗ ಆಗುತ್ತಿದ್ದ ಸಂತೋಷ ನನಗೆ ಹೊಸದು.

ಹಬ್ಬ ಮುಗಿದ ಮೇಲೆ ಒಂದು ವಾರ ಪೂರ್ವದ ಮೂಲೆಯ ಡಬ್ಬಿಯ ಗೆರೆ ಕೆಟ್ಟಿತು. ತೇವದ ಗೆರೆ ಪ್ರತಿ ಸಂಜೆ ಚೂಪಾಗಿ ಏಳುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಅರ್ಧ ಇಳಿದು ಮತ್ತೆ ಸಂಜೆ ಏಳುತ್ತಿತ್ತು, ಗರಗಸದ ಹಲ್ಲಿನ ಹಾಗೆ. ಹಲ್ಲಿನ ತುದಿಗಳು ಮಿತಿಯನ್ನು ದಾಟಿದ್ದವು. ಮಳೆಯ ಹನಿಯೂ ಬಿದ್ದಿರಲಿಲ್ಲ. ಎಂಜಿನಿಯರ್ ಓಡಿ ಬಂದರು, ಗೌಂಡಿಯನ್ನು ಕರೆಸಿದರು.

"ಮಾಳಿಗಿ ಸೋರತೈತೇನೋ?" ಎಂದರು ಎಂಜಿನಿಯರ್.

"ಮಳೀನ ಇಲ್ದ ಏನ ಸೋರ್ತೈತ್ರಿ, ನನ್ನ ಬೆವರಾ?" ಎಂದ ಗೌಂಡಿ. "ಸ್ಲ್ಯಾಬ್ ಹಾಕ್ರಿ ಅಂದ್ರ ಕೇಳಲಿಲ್ಲ. ಈಗ ನನ್ನ ಹೆಸರಿಗೆ ಮಣ್ಣ ಒಗೀತೀರಿ."

ಗೆರೆ ಸಂಜೆಗೇ ಯಾಕೆ ಏಳುತ್ತದೆ ನೋಡೋಣ ಎಂದು ಅಂದು ಕಚೇರಿ ಮುಗಿದ ಮೇಲೆ ಅಕ್ಕಾರು ನನ್ನನ್ನು ಹೋಗಗೊಡಲಿಲ್ಲ. ತಮ್ಮ ಕೋಣೆಯ ಬಾಗಿಲು ಅರೆ ತೆರೆದು ಇಬ್ಬರೂ ಒಳಗೆ ಕೂತೆವು. ಬೆಳಕಿಂಡಿಯ ಬೆಳಕು ಇನ್ನೂ ಇತ್ತು. ಸ್ವಲ್ಪ ಹೊತ್ತಿಗೆ ಕಾಕಾ ಬಂದರು. ಕೈಯಲ್ಲಿ ತಾಮ್ರದ ಕೊಡಪಾನ. ಪೂರ್ವದ ಕಪಾಟುಗಳ ನಡುವೆ ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತು, ಬೊಗಸೆಯಿಂದ ನೀರು ತೆಗೆದು ಕಪಾಟಿನ ಅಡಿಯ ಹಾಸುಗಲ್ಲಿನ ಮೇಲೆ ಚಿಮುಕಿಸತೊಡಗಿದರು. ಗಡಿಬಿಡಿ ಇರಲಿಲ್ಲ. ಮಲಗಿದ ಮಗುವಿಗೆ ಹೊದಿಸುವವರ ಹಾಗೆ ಒಂದೊಂದೇ ಕಲ್ಲಿಗೆ ಹಾಕುತ್ತಿದ್ದರು. ನಾನು ಎದ್ದುಬಿಟ್ಟೆ. ಅಕ್ಕಾರು ನನ್ನ ತೋಳು ಹಿಡಿದು ನಿಲ್ಲಿಸಿ ತಾವು ಹೋದರು.

"ಕಾಕಾ, ಏನ್ ಮಾಡಾಕತ್ತೀರಿ?"

ಕಾಕಾ ಬೆದರಲಿಲ್ಲ. "ಬರ್ರಿ ಅಕ್ಕಾರ. ತಂಪ ಮಾಡಾಕತ್ತೇನಿ. ಮಷೀನ್ ತಗದ ಮ್ಯಾಲ ಭಾಳ ಒಣಾ ಆಗೇತಿ ಒಳಗ. ನನ್ನ ತುಟಿ ಒಡಿಯಾಕತ್ತಾವು, ಕಾಗದದ ಗತಿ ಏನು?"

"ನೀರ ಯಾಕ?"

"ಮತ್ತೇನ ಮಾಡೂದ್ರಿ? ಬ್ಯಾಸಗ್ಯಾಗ ಮಗ್ಗದ ಕುಣೀಗೆ ನಾವು ಹಿಂಗ ಹಾಕತಿದ್ವಿ. ಹಾಕಲಿಲ್ಲಂದ್ರ ನೂಲು ಟಪ್ ಟಪ್ ಅಂತ ಹರೀತೈತಿ. ಹಳೀ ಕಾಗದ ಹತ್ತಿ ಚಿಂದೀಲೆ ಮಾಡಿದ್ದು ಅಂತ ನೀವ ಒಂದಿನ ಹೇಳಿದ್ರಿ. ಹತ್ತಿ ಅಂದ್ರ ಹತ್ತಿನ. ಅದಕ್ಕ ನೀರಿನ ಆಸರ ಬೇಕ ಬೇಕು."

ಅಕ್ಕಾರು ಅವರ ಎದುರಿಗೇ ಕೆಳಗೆ ಕೂತರು. ಕಪಾಟಿನ ಕೆಳಗಿನ ಹಲಗೆಯ ಒಂದು ರುಮಾಲನ್ನು ಎಳೆದು ಕಾಕಾನ ಮಡಿಲಿಗೆ ಇಟ್ಟರು. ಬಟ್ಟೆಯ ಅಡಿಮೈ ಹಸಿಯಾಗಿತ್ತು. ಬಿಚ್ಚಿದರೆ ಹಾಳೆಯ ಅಂಚಿನಲ್ಲಿ ಬಿಳಿ ಬೂಸಲು ಆಗಷ್ಟೇ ಮೂಡಿತ್ತು. ಕಾಕಾ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಅವರ ಮುಖ ಹೇಗಾಯಿತೆಂದರೆ, ನಾನು ಬೇರೆ ಕಡೆ ನೋಡಿದೆ.

"ನೀವು ಹೇಳಿದ್ದು ನೂಲಿಗೆ ಖರೆ ಐತಿ ಕಾಕಾ," ಎಂದರು ಅಕ್ಕಾರು. "ಮಗ್ಗದಾಗ ನೂಲು ದಿನಾ ಮುಂದ ಹೋಗ್ತೈತಿ. ಹಸೀದು ಸೀರಿ ಆಗಿ ಒಣಗಿ ಪ್ಯಾಟಿಗೆ ಹೋಗ್ತೈತಿ. ಇದು ಕೂತಲ್ಲೇ ಕೂಡ್ತೈತಿ ನೋಡ್ರಿ, ನಾವು ಹೋದ ಮ್ಯಾಲೂ. ಕೂತಾವಗ ಹಸಿ ತಾಳೂದಿಲ್ಲ."

ಕಾಕಾ ಕೊಡಪಾನವನ್ನು ಕಪಾಟಿನಿಂದ ದೂರ ಸರಿಸಿದರು. ಆಮೇಲೆ, "ನನ್ನ ಕೈಯಾರೆ ಲಾರಿ ಕರಿಸಿದ್ನೇನ್ರಿ ನಾ?" ಎಂದರು.

ಮರುದಿನದಿಂದ ಆ ಸಾಲಿನ ರುಮಾಲುಗಳನ್ನೆಲ್ಲ ಬಿಚ್ಚಿ ಪಡಸಾಲೆಯ ನೆರಳಿನಲ್ಲಿ ಹರಡಿದರು. ಅಕ್ಕಾರು ಮೆತ್ತನೆಯ ಕುಂಚದಿಂದ ಬೂಸಲು ಒರೆಸಿದರು, ಕಾಕಾ ಹಾಳೆಯ ಅಂಚು ಹಿಡಿದುಕೊಂಡರು. ಎಳೆ ಹರಿಯದ ಹಾಗೆ ಹಿಡಿದು ರೂಢಿಯಾದ ಬೆರಳುಗಳು. ಮುಂಜಾನೆ ಕಿಟಕಿ ತೆರೆಯುವುದು, ಬಿಸಿಲು ಏರಿದರೆ ಮುಚ್ಚುವುದು ಮೊದಲಿನ ಹಾಗೆ ನಡೆಯಿತು. ಬೇರೆ ಏನನ್ನೂ ಮಾಡಲಿಲ್ಲ.

ಸಮಿತಿ ಬರುವ ಹಿಂದಿನ ವಾರ ಎಂಜಿನಿಯರ್ ಗೆರೆಗಳ ಹಾಳೆ ತಂದು ಮೇಜಿನ ಮೇಲೆ ಹರವಿದರು. ಪೂರ್ವದ ಡಬ್ಬಿಯ ಹಾಳೆಯನ್ನು ಬೇರೆ ಇಟ್ಟರು.

"ಮೂರು ಡಬ್ಬಿ ಚೊಲೋ ಅದಾವ್ರಿ. ಇದೊಂದು..." ಅವರು ಕನ್ನಡಕ ತೆಗೆದು ಒರೆಸಿದರು. "ಡಬ್ಬಿ ಕೆಟ್ಟಿತ್ತು ಅಂತ ಬರೀಬಹುದು ಅಕ್ಕಾರ. ಬ್ಯಾಟರಿ ಇಳದ್ರ ಹಿಂಗ ತೋರಸ್ತಾವು. ಯಾರೂ ಕೇಳೂದಿಲ್ಲ."

ಅವರಿಗೆ ಆ ಕಟ್ಟಡದ ಮೇಲೆ ಪ್ರೀತಿ ಇತ್ತು. ಆ ಪ್ರೀತಿಯಿಂದಲೇ ಹೇಳಿದ್ದು ಎಂದು ನನಗೆ ಗೊತ್ತು. ಅಕ್ಕಾರು ಹಾಳೆಯನ್ನು ಎತ್ತಿ ನೋಡಿದರು.

"ಕೆಟ್ಟಿಲ್ಲಲ್ರಿ," ಎಂದರು.

ಅಷ್ಟೇ ಅಂದದ್ದು. ಹಾಳೆಯನ್ನು ಉಳಿದವುಗಳ ನಡುವೆ ಇಟ್ಟು ನನ್ನ ಕಡೆ ಸರಿಸಿದರು. ನಾನು ರುಜು ಹಾಕಿದೆ. ಆ ಮನೆಯಿಂದ ಕಾಗದ ಹೋದರೆ ಅದರಲ್ಲಿ ನನ್ನ ಸಹಿಯ ಪಾಲೂ ಇರುತ್ತದೆ ಎಂದು ನನಗೆ ಸ್ಪಷ್ಟವಿತ್ತು.

ಸಮಿತಿಯವರು ಬಿಸಿಲೇರಿದ ಮೇಲೆ ಬಂದರು. ಅಧ್ಯಕ್ಷರು ದಕ್ಷಿಣದ ಕಡೆಯವರು, ಅಚ್ಚುಕಟ್ಟಾದ ಕನ್ನಡ. ಅವರ ಜೊತೆ ಕಾಗದ ರಕ್ಷಣೆಯ ತಜ್ಞೆಯೊಬ್ಬರು, ಸಣ್ಣ ಮೈಕಟ್ಟಿನವರು. ಆಕೆ ಒಳಗೆ ಬಂದವರೇ ಗೋಡೆಗೆ ಅಂಗೈ ಒತ್ತಿ ನಿಂತರು. ಅಧ್ಯಕ್ಷರು ನೇರವಾಗಿ ಹಾಳೆಗಳಿಗೆ ಕೂತರು. ಒಂದೊಂದಾಗಿ ತಿರುವಿ ಪೂರ್ವದ ಡಬ್ಬಿಗೆ ಬಂದು ನಿಂತರು.

"ಇದೇನು? ಇಲ್ಲಿ ಮಿತಿ ಮೀರಿದೆಯಲ್ಲ."

"ಹೌದ್ರಿ," ಎಂದರು ಅಕ್ಕಾರು. "ನೀರು ಹಾಕಿದ್ವಿ."

"ನೀರೇ? ದಾಖಲೆಗಳ ಕೋಣೆಯಲ್ಲೇ?"

ಬಾಗಿಲಿನಿಂದ ಕಾಕಾ ಮುಂದೆ ಬಂದರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು. "ಅಕ್ಕಾರ ಹಾಕಿಲ್ರಿ ಸಾಹೇಬ್ರ. ನಾ ಹಾಕೇನಿ. ಅವರಿಗೆ ಹೇಳದ ಹಾಕೇನಿ. ಅವರು ಹಿಡಿಯೂತನಾ ಹಾಕೇನಿ."

"ಯಾಕೆ ಹಾಕಿದಿರಿ?"

ಕಾಕಾ ಮಗ್ಗ, ನೂಲು, ಕುಣಿ, ಹತ್ತಿಯ ಚಿಂದಿ ಎಲ್ಲವನ್ನೂ ಮೊದಲಿನಿಂದ ಹೇಳಿದರು. ಅಧ್ಯಕ್ಷರು ಕೊನೆಯವರೆಗೂ ಕೇಳಿ, ಎಂಜಿನಿಯರ್ ಕಡೆ ತಿರುಗಿ, "ಸೀರೆ ನೇಯುವ ಯೋಜನೆಯೂ ಇತ್ತೇ ಇಲ್ಲಿ?" ಎಂದರು. ಯಾರೂ ನಗಲಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದರು.

ಆಗ ತಜ್ಞೆ ಬಂದು ಅವರ ಭುಜದ ಹಿಂದೆ ನಿಂತು ಹಾಳೆ ನೋಡಿದರು. ಹಲ್ಲುಗಳ ಮೇಲೆ ಅವರ ಬೆರಳು ನಿಲ್ಲಲಿಲ್ಲ. ಕೊನೆಯ ಹಲ್ಲಿನಿಂದ ಆಚೆಗೆ, ಗೆರೆ ಕೆಲವೇ ದಿನಗಳಲ್ಲಿ ಇಳಿದು ಇಳಿದು ಮತ್ತೆ ಮಟ್ಟಸವಾಗುವ ಕಡೆಗೆ ಸರಿಯಿತು. ಆ ಇಳಿಜಾರನ್ನು ನಾವು ಯಾರೂ ಸರಿಯಾಗಿ ನೋಡಿರಲಿಲ್ಲ. ಹಲ್ಲುಗಳನ್ನೇ ನೋಡುತ್ತ ಕೂತಿದ್ದೆವು.

"ಈ ತೇವವನ್ನು ಯಾವ ಯಂತ್ರ ಇಳಿಸಿತು?" ಎಂದು ಕೇಳಿದರು.

"ಯಾವ ಮಷೀನೂ ಇಲ್ರಿ," ಎಂದರು ಅಕ್ಕಾರು. "ರುಮಾಲು ಹೊರಗ ಹಾಕಿದ್ವಿ. ನೆಲಾ, ಗೋಡಿ ತಾವ ಒಣಗಿದ್ವು. ಮುಂಜಾನಿ ಕಿಟಕಿ ತಗೀತೇನಿ, ಬಿಸಲ ಏರಿದ್ರ ಮುಚ್ತೇನಿ. ಅಷ್ಟ."

"ಫ್ಯಾನು?"

"ಇಲ್ರಿ."

ತಜ್ಞೆ ಅಧ್ಯಕ್ಷರಿಗೆ ಹೇಳಿದರು, "ನಾನು ನೋಡಿದ ಯಂತ್ರದ ಕೋಣೆಗಳಲ್ಲಿ ಒಮ್ಮೆ ಇಷ್ಟು ಹಸಿ ಹೊಕ್ಕರೆ ವಾರಗಟ್ಟಲೆ ಹೊರಗೆ ಹೋಗುವುದಿಲ್ಲ. ಇಂಥ ಪರೀಕ್ಷೆ ಮಾಡಿ ಎಂದು ಹೇಳುವ ಧೈರ್ಯ ನಮಗ್ಯಾರಿಗೂ ಬರುತ್ತಿರಲಿಲ್ಲ. ಇವರು ಮಾಡಿಬಿಟ್ಟಿದ್ದಾರೆ." ಆಮೇಲೆ ಕಾಕಾನ ಕಡೆ ತಿರುಗಿ, "ಇನ್ನೊಮ್ಮೆ ಮಾಡಬೇಡಿ," ಎಂದರು.

"ಕೊಡಪಾನ ಮನಿಗೆ ಒಯ್ದೇನ್ರಿ," ಎಂದರು ಕಾಕಾ.

ತಜ್ಞೆ ಗಾರೆ ನೋಡಲು ಒಂದು ಕಿಟಕಿಯ ಕದ ತೆರೆದು ಗೋಡೆಯ ದಪ್ಪವನ್ನು ಗೇಣಿನಿಂದ ಅಳೆದರು. ಬೂಸಲು ಬಂದಿದ್ದ ರುಮಾಲುಗಳನ್ನು ಬಿಚ್ಚಿಸಿ, ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಇದೆಲ್ಲ ಬಹಳ ಹೊತ್ತು ಹಿಡಿಯಿತು. ಅಕ್ಕಾರು ಒಂದು ಕಡೆ ನಿಂತೇ ಇದ್ದರು, ಕೂರಲಿಲ್ಲ. ಕೊನೆಗೆ ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು.

"ದಾಖಲೆಗಳು ಇಲ್ಲೇ ಇರಲಿ," ಎಂದರು. "ಮಳೆಗಾಲಕ್ಕೆ ತೇವ ಹೀರುವ ಸಣ್ಣ ಯಂತ್ರ ಒಂದೆರಡು ಬೇಕಾಗಬಹುದು, ಅದನ್ನು ಕೊಡಿಸೋಣ. ಡಬ್ಬಿಗಳೂ ಇರಲಿ. ಲಾರಿಯ ಮಾತು ನಾನು ಮುಗಿಸುತ್ತೇನೆ."

ಅವರ ಕಾರು ಧೂಳೆಬ್ಬಿಸಿ ಹೋದ ಮೇಲೆ ಎಂಜಿನಿಯರ್ ಪಡಸಾಲೆಯ ಕಂಬಕ್ಕೆ ಒರಗಿ ನಿಂತು ಯಾರಿಗೋ ಫೋನು ಮಾಡತೊಡಗಿದರು. ದನಿ ಎಂದಿಗಿಂತ ಜೋರಾಗಿತ್ತು. ನಾನು ಅಕ್ಕಾರಿಗೆ ಏನಾದರೂ ಹೇಳಬೇಕೆಂದು ಒಳಗೆ ಹೋದೆ. ಅವರು ಪೂರ್ವದ ಕಪಾಟಿಗೆ ಹಣೆ ಆನಿಸಿ ನಿಂತಿದ್ದರು. ಕಾಕಾ ಬಂದು, "ಚಾ ತರ್ಲೇನ್ರಿ ಅಕ್ಕಾರ?" ಎಂದರು.

ಅಕ್ಕಾರು ತಲೆ ಎತ್ತಿ ಮುಖ ಒರೆಸಿಕೊಂಡರು. ಆಮೇಲೆ ಮೂಗಿನಿಂದ ಗಾಳಿ ಎಳೆದು ಸುತ್ತ ನೋಡಿದರು. "ಎಲ್ಲಿಂದ ಬರಾಕತ್ತೈತಿ ಝಳ?" ಎಂದರು. ತಜ್ಞೆ ತೆರೆದ ಕಿಟಕಿ ಹಾಗೆಯೇ ಇತ್ತು, ನಾವು ಯಾರೂ ಮುಚ್ಚಿರಲಿಲ್ಲ. ಅವರು ಲಗುಬಗೆಯಿಂದ ಹೋಗಿ ಎರಡೂ ಕದ ಎಳೆದು ಚಿಲಕ ಹಾಕಿದರು. ಬಿಸಿಲಿನ ಪಟ್ಟಿ ನೆಲದಿಂದ ಮಾಯವಾಯಿತು.

ಅಷ್ಟರಲ್ಲಿ ಹೊರಬಾಗಿಲಲ್ಲಿ ಯಾರೋ ಕೆಮ್ಮಿದರು. ತಲೆಗೆ ಟವೆಲ್ಲು ಸುತ್ತಿದ ರೈತನೊಬ್ಬ, ಬೆವರಿ ನಿಂತಿದ್ದ. ಹೊಲದ ಬಾಂದಿನ ತಕರಾರಂತೆ, ನಕಾಶೆ ಬೇಕಾಗಿತ್ತು. ಒಳಗೆ ಬರಲೋ ಬೇಡವೋ ಎಂದು ಬಾಗಿಲು ತೆರೆದು ಹಿಡಿದುಕೊಂಡೇ ಕೇಳಿದ, "ಇಲ್ಲಿಂದ ಎಲ್ಲಾ ಒಯ್ತಾರಂತ ಕೇಳಿದ್ದೆ. ಇನ್ನೂ ಅದಾವೇನ್ರಿ?"

"ಅದಾವು," ಎಂದರು ಅಕ್ಕಾರು. "ಬರ್ರಿ ಒಳಗ. ಮೊದಲ ಬಾಗಲಾ ಹಾಕ್ಕೊಂಡು ಬರ್ರಿ."